ಪದವಿಯ ಒಳಗೇ ಇರಲಿ ಕೆಲಸದ ಕಲಿಕೆ

ಮೊನ್ನೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಶಾಲೆಗೆ ಬಂದಿದ್ದಳು. ಕನ್ನಡ ಬಿ.ಎ. ಮುಗಿಸಿದ್ದಾಳೆ, ಅಂಕಗಳೂ ಚೆನ್ನಾಗಿವೆ. ಒಂದು ಕೆಲಸಕ್ಕೆ ಬಯೋಡಾಟಾ ಬರೆಯಲು ಸಹಾಯ ಬೇಕಿತ್ತು. 'ನಿಮಗಿರುವ ಕೌಶಲ್ಯಗಳು' ಎಂಬಲ್ಲಿಗೆ ಬಂದಾಗ ಪೆನ್ನು ಕೆಳಗಿಟ್ಟು, "ಏನೂ ಇಲ್ಲ ಸರ್" ಅಂದಳು.

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಪರೀಕ್ಷೆಗೆ ಇಂಗ್ಲಿಷ್. ನಾಲ್ಕು ಭಾಷೆ ಬಲ್ಲ ಹುಡುಗಿ ತನಗೇನೂ ಬರುವುದಿಲ್ಲ ಎನ್ನುತ್ತಾಳೆ! ಅವಳಿಗೆ ಹಾಗನ್ನಿಸುವಂತೆ ಮಾಡಿದ್ದು ಯಾರು? ಕಲಿಸಿದ ನಾವೂ ಅದರಲ್ಲಿ ಪಾಲುದಾರರೇ.

ನಾವು ಟಿ.ಸಿ.ಎಚ್. ಓದುವಾಗ ಪಾಠಯೋಜನೆ ಬರೆದು, ಪಕ್ಕದ ಶಾಲೆಗೆ ಹೋಗಿ, ನಿಜವಾದ ಮಕ್ಕಳ ಮುಂದೆ ನಿಂತು ಪಾಠ ಮಾಡಬೇಕಿತ್ತು. ಕಪ್ಪುಹಲಗೆಯ ಮೇಲೆ ಸಾಲು ಸೊಟ್ಟಗಾದರೆ ಬೈಗುಳ. ಆಮೇಲೆ ಬಿ.ಎ. ಕಟ್ಟಿದೆವು. ಅಲ್ಲಿ ಗೈಡು ಓದಿದೆವು, ಉತ್ತರ ಬರೆದೆವು, ಪಾಸಾದೆವು. ಬಿ.ಎ. ನಮ್ಮ ತಿಳಿವಳಿಕೆ ಹಿಗ್ಗಿಸಿತು, ಸುಳ್ಳಲ್ಲ. ಆದರೆ ಅನ್ನ ಕೊಟ್ಟದ್ದು ಟಿ.ಸಿ.ಎಚ್. ಅಲ್ಲಿ ಓದು ಬೇರೆ, ಕೆಲಸ ಬೇರೆ ಆಗಿರಲಿಲ್ಲ.

2024ರಿಂದ ಕೇರಳದ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ ಪದವಿ ಬಂದಿದೆ. ಮೂರು ವರ್ಷಕ್ಕೆ ನಿಲ್ಲಿಸುವವರಿಗೆ 133 ಕ್ರೆಡಿಟ್, ನಾಲ್ಕು ವರ್ಷ ಓದುವವರಿಗೆ 177. ಕೌಶಲ್ಯದ ಪತ್ರಿಕೆಗಳಿವೆ, ಇಂಟರ್ನ್‌ಶಿಪ್ ಇದೆ. ಅದಕ್ಕೂ ಮೊದಲು 2012ರಲ್ಲೇ ಸರ್ಕಾರ 'ಅಸಾಪ್' ಎಂಬ ಕೌಶಲ್ಯ ಯೋಜನೆ ತಂದಿತ್ತು. ಸ್ವಾಗತಿಸೋಣ. ಆದರೆ ಕೌಶಲ್ಯ ಎಂದರೆ ಇಂಗ್ಲಿಷಿನಲ್ಲಿ ನಾಲ್ಕು ಮಾತು, ಟೈ ಕಟ್ಟುವ ಪಾಠ, ಕೊನೆಗೊಂದು ಸರ್ಟಿಫಿಕೇಟು ಎಂದಾಗಿಬಿಟ್ಟರೆ? ಅದು ಅಂಗಿಯ ಮೇಲೆ ಹೊಲಿದ ತೇಪೆಯಷ್ಟೇ.

ನಮ್ಮ ಕಾಸರಗೋಡಿನಲ್ಲಿ ಕನ್ನಡ ಕಲಿತವರಿಗೆ ಮಾಡಲು ಕೆಲಸವೇ ಇಲ್ಲವೇ? 1956ರ ನವೆಂಬರ್ 1ರವರೆಗೆ ಇದು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆ ಕಾಲದ ಕ್ರಯಪತ್ರ, ಪಾಲುಪಟ್ಟಿಗಳು ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿ ಕನ್ನಡದಲ್ಲೇ ಇವೆ. ಅವನ್ನು ಓದಿ ಮಲಯಾಳದಲ್ಲಿ ವಿವರಿಸಬಲ್ಲ ಹಿರಿಯರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದಾರೆ. ಕನ್ನಡ, ಮಲಯಾಳ ಎರಡೂ ಬಲ್ಲ ಗುಮಾಸ್ತರು ಬೇಕೆಂದು ಪಿ.ಎಸ್.ಸಿ. ಪ್ರತ್ಯೇಕ ಅಧಿಸೂಚನೆ ಹೊರಡಿಸಿದ್ದೂ ಉಂಟು. ಇಲ್ಲಿನ ತೋಟಬೆಳೆ ಸಂಶೋಧನಾ ಕೇಂದ್ರ ತೆಂಗು, ಅಡಿಕೆಯ ಬಗ್ಗೆ ಕಂಡುಕೊಂಡದ್ದು ಕೃಷಿಕನಿಗೆ ಅವನ ಭಾಷೆಯಲ್ಲಿ ತಲುಪಬೇಡವೇ?

ಹಾಗಾದರೆ ಅನುವಾದವನ್ನು ಬರೀ ಸಿದ್ಧಾಂತವಾಗಿ ಕಲಿಸುವುದೇಕೆ? ಒಂದು ಸರ್ಕಾರಿ ಸುತ್ತೋಲೆ ಕೊಟ್ಟು ಕನ್ನಡ ಮಾಡಿಸಿ, ಅದಕ್ಕೇ ಅಂಕ ಕೊಡಿ. ಇಂಟರ್ನ್‌ಶಿಪ್ಪಿಗೆ ಪಂಚಾಯತ್ ಕಚೇರಿಗೆ, ಪತ್ರಿಕಾಲಯಕ್ಕೆ, ದಸ್ತಾವೇಜು ಬರೆಯುವವರ ಬಳಿಗೆ ಕಳಿಸಿ. ಯುನಿಕೋಡಿನಲ್ಲಿ ತಪ್ಪಿಲ್ಲದೆ ಒಂದು ಪುಟ ಬೆರಳಚ್ಚಿಸದೆ ಕನ್ನಡ ಪದವಿ ಕೊಡಬೇಡಿ.

"ವಿಶ್ವವಿದ್ಯಾಲಯವೇನು ಗುಮಾಸ್ತರನ್ನು ತಯಾರಿಸುವ ಕಾರ್ಖಾನೆಯೇ? ಪಂಪ, ಕುಮಾರವ್ಯಾಸರನ್ನು ಎಲ್ಲಿಗೆ ಕಳಿಸುತ್ತೀರಿ?" ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅವರನ್ನು ಎಲ್ಲಿಗೂ ಕಳಿಸುವುದು ಬೇಡ. ಸಾಫ್ಟ್‌ವೇರು ಬದಲಾಗುತ್ತದೆ, ಭಾಷೆಯ ಹಿಡಿತ ಉಳಿಯುತ್ತದೆ. 'ನುಡಿ'ಯ ಹಳೆಯ ಅಕ್ಷರಗಳಲ್ಲಿ ಟೈಪು ಕಲಿತ ನಾವು ಯುನಿಕೋಡ್ ಬಂದಾಗ ಮತ್ತೆ ಕಲಿತೆವು. ಕೀಲಿಗಳ ತಪ್ಪನ್ನು ತಿದ್ದಿಕೊಳ್ಳಲು ಕೆಲವೇ ದಿನ ಸಾಕಾಯಿತು. ಕಾಗುಣಿತದ ತಪ್ಪು ಮಾತ್ರ ಯಾವ ಸಾಫ್ಟ್‌ವೇರಿನಿಂದಲೂ ಪೂರ್ತಿ ಹೋಗಲಿಲ್ಲ! ಆದ್ದರಿಂದ ಸಾಹಿತ್ಯ ತೆಗೆದು ಕೌಶಲ್ಯ ತುಂಬಿ ಎನ್ನುತ್ತಿಲ್ಲ, ಸಾಹಿತ್ಯದ ಪಾಠದೊಳಗೇ ಕೆಲಸ ಕಲಿಸಿ ಎನ್ನುತ್ತಿದ್ದೇವೆ.

ಒಂದಂತೂ ನಿಜ. ಕನ್ನಡ ಓದಿದರೆ ಕೆಲಸವಿಲ್ಲ ಎಂದು ಊರಿಗೆ ಗೊತ್ತಾದ ದಿನ ನಮ್ಮ ಒಂದನೇ ತರಗತಿಯ ಬೆಂಚುಗಳು ಖಾಲಿಯಾಗುತ್ತವೆ. ಕಾಲೇಜಿನ ಪಠ್ಯಕ್ರಮದ ಮಾತು ಪ್ರಾಥಮಿಕ ಶಾಲೆಯ ಮೇಷ್ಟ್ರಿಗೇಕೆ ಎಂದು ಕೇಳುವವರಿಗೆ ಇದೇ ಉತ್ತರ.

ಅಂದ ಹಾಗೆ, ಆ ಹುಡುಗಿಯ ಬಯೋಡಾಟಾದಲ್ಲಿ ನಾವು ನಾಲ್ಕು ಭಾಷೆಗಳ ಹೆಸರು ಬರೆಸಿ ಕಳಿಸಿದೆವು. ಅದನ್ನು ಅವಳ ಕಾಲೇಜು ಬರೆಸಬೇಕಿತ್ತು, ಅಲ್ಲವೇ?