ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆಗೆ ಹತ್ತು ವರ್ಷಗಳಿಂದ ವಿದ್ಯಾರ್ಥಿಗಳೆದುರು ಅರ್ಥ ಹೇಳುತ್ತ ಬಂದಿದ್ದೇನೆ. ಆ ಅರ್ಥ ನನಗೇ ಆದದ್ದು ಮಾತ್ರ ಮೊನ್ನೆ, ಚಾಮುಂಡಿ ಬೆಟ್ಟದ ಅರ್ಧ ದಾರಿಯಲ್ಲಿ.

ನಮ್ಮ ಮನೆಯ ಕಾರು ತಂದೆಯವರು ಕೊಂಡದ್ದು. ವಯಸ್ಸಿನಲ್ಲಿ ನನಗಿಂತ ಎರಡೇ ವರ್ಷ ಚಿಕ್ಕದು. ಕಾರ್ಬ್ಯುರೇಟರಿನ ಕಾಲದ ಗಾಡಿ. ಅಂದು ಹಿಂದಿನ ಸೀಟಿನಲ್ಲಿ ಹಣ್ಣು ಕಾಯಿಯ ಬುಟ್ಟಿಯೊಡನೆ ತಾಯಿಯವರು ಕುಳಿತಿದ್ದರು. ಮೈಸೂರಿನ ಸಮತಟ್ಟಾದ ಬೀದಿಗಳಲ್ಲಿ ಕಾರು ಸರಾಗವಾಗಿಯೇ ಬಂತು. ಬೆಟ್ಟದ ಏರು ಸಿಕ್ಕ ಕೆಲವೇ ನಿಮಿಷಗಳಲ್ಲಿ ಮುಗ್ಗರಿಸತೊಡಗಿತು. ಆಕ್ಸಿಲರೇಟರನ್ನು ಅದುಮಿದಷ್ಟೂ ಸೊರಗಿತು. ಮೂರನೆಯ ಗೇರಿನಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿದು ಕೊನೆಗೆ ನಿಂತೇಬಿಟ್ಟಿತು. ಹತ್ತು ನಿಮಿಷ ಸುಮ್ಮನಿದ್ದು ಕೀಲಿ ತಿರುಗಿಸಿದರೆ ಏನೂ ಆಗದಂತೆ ಹೊರಟಿತು. ಒಂದು ಫರ್ಲಾಂಗಿನಾಚೆ ಮತ್ತೆ ಅದೇ ಕಥೆ. ದೇವಿಗೆ ಅಲ್ಲಿಂದಲೇ ಕೈಮುಗಿದು ಹಿಂದಿರುಗಿದೆವು.

ಮರುದಿನ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿದ್ದವರು ಬಾನೆಟ್ಟನ್ನು ಎತ್ತಿ, ಒಮ್ಮೆ ಸದ್ದು ಕೇಳಿ, ಪಿಸ್ಟನ್ ರಿಂಗುಗಳು ಸವೆದಿವೆ, ಇಂಜಿನ್ ಪೂರ್ತಿ ಬಿಚ್ಚಬೇಕು ಎಂದು ತೀರ್ಪು ಕೊಟ್ಟರು. ಅವರು ಹೇಳಿದ ಮೊತ್ತ ಕಾರಿನ ಬೆಲೆಯನ್ನೇ ಮೀರುತ್ತಿತ್ತು. ನಿಜ ಹೇಳುವುದಾದರೆ ನನಗೆ ಒಳಗೊಳಗೇ ಸಂತೋಷವಾಯಿತು. ಹೊಸ ಕಾರಿನ ಆಸೆ ಎರಡು ವರ್ಷಗಳಿಂದ ಇತ್ತು. ತಂದೆಯವರೆದುರು ಬಾಯಿಬಿಡಲು ಧೈರ್ಯ ಸಾಲದಿತ್ತು. ನಮಗೆ ಬೇಕಾದ ತೀರ್ಪನ್ನು ನಾವು ಎಷ್ಟು ಬೇಗ ನಂಬುತ್ತೇವೆ! ಸಂಗತಿ ತಿಳಿಸಿದಾಗ ತಂದೆಯವರು, "ನಿನಗೆ ತೋಚಿದಂತೆ ಮಾಡಪ್ಪಾ" ಎಂದಷ್ಟೇ ನುಡಿದು ವರಾಂಡಕ್ಕೆ ಹೋದರು. ಆ ರಾತ್ರಿ ಅವರು ಊಟವನ್ನು ಅರ್ಧಕ್ಕೇ ಬಿಟ್ಟೆದ್ದರು.

ತಾಯಿಯವರ ಒತ್ತಾಯದಿಂದ ನಮ್ಮ ಬಡಾವಣೆಯ ಹಿಂದಿನ ಬೀದಿಯ ವೃದ್ಧ ಮೆಕ್ಯಾನಿಕ್ಕರಲ್ಲಿಗೆ ಹೋದೆ. ಅವರು ಬಾನೆಟ್ಟನ್ನು ಮುಟ್ಟಲಿಲ್ಲ. ಒಳ್ಳೆಯ ವೈದ್ಯರಂತೆ ಪ್ರಶ್ನೆಗಳನ್ನು ಕೇಳಿದರು. ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆಯೆ? ಇಲ್ಲ. ಆಯಿಲ್ ಹೆಚ್ಚು ಕುಡಿಯುತ್ತಿದೆಯೆ? ಇಲ್ಲ. ಸ್ವಲ್ಪ ಹೊತ್ತು ನಿಂತರೆ ಸರಿಹೋಗುತ್ತದೆಯೆ? ಹೌದು. ಅವರು ನಕ್ಕರು: "ಸವೆದ ರಿಂಗು ಹತ್ತು ನಿಮಿಷ ನೆರಳಲ್ಲಿ ನಿಂತರೆ ಬೆಳೆದುಬಿಡುತ್ತದೆಯೇ ಮೇಷ್ಟ್ರೇ? ಇಂಜಿನ್ನನ್ನು ಯಾಕೆ ಬೈತೀರಿ? ಅದಕ್ಕೆ ಊಟ ಬರ್ತಿಲ್ಲ."

ಒಂದು ಕಿಲೋ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಕಾರು ನಿಂತಲ್ಲೇ ಓಡುತ್ತಿರುವಾಗ ಇಂಜಿನ್ನಿಗೆ ಸಾಕಾಗುವ ಪೆಟ್ರೋಲು ಅತ್ಯಲ್ಪ. ಏರು ಹತ್ತುವಾಗ ಅದರ ಹಲವು ಪಟ್ಟು ಬೇಕಾಗುತ್ತದೆ. ದಾರಿಯಲ್ಲಿ ಎಲ್ಲಾದರೂ ತಡೆಯಿದ್ದರೆ ಸಮತಟ್ಟಿನಲ್ಲಿ ಅದು ಗೊತ್ತಾಗುವುದಿಲ್ಲ. ಬೆಟ್ಟವೇ ಅದನ್ನು ಬಯಲಿಗೆಳೆಯುತ್ತದೆ. ಕಪ್ಪು ಹೊಗೆಯೂ ಪೆಟ್ರೋಲಿನ ವಾಸನೆಯೂ ಇದ್ದರೆ ಪೆಟ್ರೋಲು ಹೆಚ್ಚಾಗಿದೆಯೆಂದೂ, ಚೋಕನ್ನು ತುಸು ಎಳೆದಾಗ ಇಂಜಿನ್ ಚೇತರಿಸಿಕೊಂಡರೆ ಪೆಟ್ರೋಲು ಕಡಿಮೆಯಾಗಿದೆಯೆಂದೂ ತಿಳಿಯಬೇಕು.

ಹಿರಿಯರು ನನ್ನ ಪಕ್ಕದಲ್ಲಿ ಕುಳಿತು ಬೆಟ್ಟಕ್ಕೇ ಹೊರಡಿಸಿದರು. ಕಾರು ಮುಗ್ಗರಿಸಿದೊಡನೆ ಚೋಕನ್ನು ಅರ್ಧ ಎಳೆದರು. ಅದು ಕ್ಷಣಕಾಲ ಚೇತರಿಸಿಕೊಂಡಿತು. ನಿಲ್ಲಿಸಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನು ತಿರುಗಿಸಿದರು. 'ಸುಯ್' ಎಂದು ಗಾಳಿ ಒಳಗೆ ನುಗ್ಗಿತು! ಬಿಸಿಲಿನ ತಾಪಕ್ಕೆ ಪೆಟ್ರೋಲು ಕೊಳವೆಯಲ್ಲೇ ಆವಿಯಾದರೂ ಹೀಗೆ ನಿಲ್ಲುವುದುಂಟು; ಆಗ ಕಾರು ತಣಿಯುವವರೆಗೆ ಕಾಯಬೇಕು. ನಮ್ಮದು ಕಾಯದೆ ತಕ್ಷಣವೇ ಏರಿತು. ಅನುಮಾನಕ್ಕೆಡೆಯಿಲ್ಲ. ಮುಚ್ಚಳದಲ್ಲಿ ಗಾಳಿಯಾಡಲು ಇರುವ ಸೂಕ್ಷ್ಮ ರಂಧ್ರ ಧೂಳಿನಿಂದ ಮುಚ್ಚಿಹೋಗಿತ್ತು. ಪೆಟ್ರೋಲು ಹೊರಬಂದಂತೆ ಅದರ ಜಾಗಕ್ಕೆ ಗಾಳಿ ಬರಲಾರದೆ ಟ್ಯಾಂಕಿನಲ್ಲಿ ನಿರ್ವಾತ ಉಂಟಾಗಿ, ಪಂಪು ಎಷ್ಟು ಎಳೆದರೂ ಪೆಟ್ರೋಲು ಬಾರದಾಗಿತ್ತು.

ಒಂದು ದೋಷ ಸಿಕ್ಕಿತೆಂದು ಅವರು ಅಲ್ಲಿಗೇ ಬಿಡಲಿಲ್ಲ; ಟ್ಯಾಂಕಿನಿಂದ ಇಂಜಿನ್ನಿನವರೆಗೆ ಪೆಟ್ರೋಲು ಬರುವ ದಾರಿಯುದ್ದಕ್ಕೂ ಕ್ರಮವಾಗಿ ಬಂದರು. ಫಿಲ್ಟರಿನಲ್ಲಿ ತುಕ್ಕಿನ ಕೆಂಪು ಹುಡಿ ತುಂಬಿತ್ತು, ಬದಲಾಯಿಸಿದರು. ಪಂಪಿನ ಕೊಳವೆಯನ್ನು ಕಳಚಿ ಸೀಸೆಗೆ ಹಿಡಿದು ಇಂಜಿನ್ ತಿರುಗಿಸಿದಾಗ ಪೆಟ್ರೋಲು ಬಿರುಸಾಗಿ ಚಿಮ್ಮಿತು, ಪಂಪು ಆರೋಗ್ಯವಾಗಿತ್ತು. ಕಾರ್ಬ್ಯುರೇಟರಿನ ತಳದಲ್ಲಿ ಕೂತಿದ್ದ ಕೆಸರನ್ನು ತೊಳೆದು, ಜೆಟ್ಟನ್ನು ಗಾಳಿಯಿಂದ ಊದಿದರು. ತಂತಿ ಚುಚ್ಚಬಾರದೇಕೆಂದು ಕೇಳಿದೆ. ರಂಧ್ರ ದೊಡ್ಡದಾದರೆ ಪೆಟ್ರೋಲಿನ ಅಳತೆಯೇ ಕೆಡುತ್ತದೆಂದರು.

ಹಳೆಯ ಕಾರುಳ್ಳವರು ಇನ್ನೊಂದು ವಿಷಯವನ್ನು ನೆನಪಿಡಬೇಕು. ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಎಥನಾಲ್ ನೀರನ್ನು ಸೆಳೆದುಕೊಳ್ಳುತ್ತದೆ. ಟ್ಯಾಂಕಿನಲ್ಲಿ ಅಂಟಿದ್ದ ಹಳೆಯ ಕೊಳೆಯನ್ನು ಸಡಿಲಿಸುತ್ತದೆ. ಹಳೆಯ ಬಗೆಯ ರಬ್ಬರನ್ನು ಹಾಳುಮಾಡಬಲ್ಲದು. ತಿಂಗಳುಗಟ್ಟಲೆ ಕಾರನ್ನು ನಿಲ್ಲಿಸದೆ, ಕೊಳವೆಗಳನ್ನು ವರ್ಷಕ್ಕೊಮ್ಮೆ ನೋಡಿ, ಫಿಲ್ಟರನ್ನು ಬೇಗ ಬದಲಾಯಿಸುವುದು ಮೇಲು. ಹೊಸ ಕಾರುಗಳಲ್ಲಿ ಕಾರ್ಬ್ಯುರೇಟರಿಲ್ಲ. ಪಂಪು ಟ್ಯಾಂಕಿನೊಳಗೇ ಪೆಟ್ರೋಲಿನಲ್ಲಿ ಮುಳುಗಿ ತಂಪಾಗಿರುತ್ತದೆ. ಆದ್ದರಿಂದ ಟ್ಯಾಂಕು ಬರಿದಾಗುವವರೆಗೆ ಓಡಿಸುವ ಅಭ್ಯಾಸ ಒಳ್ಳೆಯದಲ್ಲ. ಶಕ್ತಿ ಕುಂದಿದರೆ ಮೊದಲು ಪೆಟ್ರೋಲಿನ ಒತ್ತಡವನ್ನು ಅಳೆಸಬೇಕು. ಅಳೆಯದೆ ಬಿಡಿಭಾಗ ಬದಲಾಯಿಸುವವರಿಗೆ ಹಣ ಕೊಡಬಾರದು. ಪೆಟ್ರೋಲಿನ ಕೊಳವೆ ಬಿಚ್ಚುವ ಕೆಲಸವನ್ನು ಮಾತ್ರ ಬಲ್ಲವರಿಗೇ ಬಿಡಿ. ಅದರ ಆವಿಗೆ ಒಂದು ಕಿಡಿ ಸಾಕು.

ಖರ್ಚಾದದ್ದು ಒಂದು ಫಿಲ್ಟರು, ಒಂದು ಮುಚ್ಚಳ, ಒಂದು ದಿನದ ಕೂಲಿ. ಮುಂದಿನ ಶುಕ್ರವಾರ ಕಾರು ಎಲ್ಲಿಯೂ ನಿಲ್ಲದೆ ಬೆಟ್ಟವೇರಿತು. ಅಂದು ಸ್ಟಿಯರಿಂಗ್ ಹಿಡಿದಿದ್ದವರು ತಂದೆಯವರು. ಮೇಲೆ ತಲುಪಿ ಬಾಗಿಲು ತೆಗೆಯುತ್ತ, "ಮಾರಬೇಕು ಅಂತ ಯಾರೋ ಅಂದ ಹಾಗಿತ್ತಲ್ಲ?" ಎಂದರು. ನಾನು ಹಣ್ಣು ಕಾಯಿಯ ಬುಟ್ಟಿಯನ್ನೆತ್ತಿಕೊಂಡು ತಾಯಿಯವರ ಹಿಂದೆ ನಡೆದೆ.