ಶುಕ್ರವಾರ ಸಂಜೆಯ ಪಿಡಿಎಫ್

ಪ್ರತಿ ಶುಕ್ರವಾರ ಸಂಜೆ ಆರರ ಸುಮಾರಿಗೆ ಅಕ್ಕನ ವಾಟ್ಸಾಪ್‌ಗೆ ಒಂದು ಪಿಡಿಎಫ್ ಬರುತ್ತೆ. ಹತ್ತೇ ನಿಮಿಷದಲ್ಲಿ ಅದು ಅಲ್ಲಿಂದ ನನ್ನ ಫೋನಿಗೆ ದಾಟುತ್ತೆ. ಮುಂದಿನ ವಾರ ಆರನೇ ಕ್ಲಾಸ್ ಬಿ ಸೆಕ್ಷನ್ನಿನಲ್ಲಿ ಯಾವ ದಿನ ಯಾವ ಪಾಠ, ಯಾವ ಹೋಮ್‌ವರ್ಕ್, ಯಾವ ಟೆಸ್ಟ್ ಅನ್ನೋದೆಲ್ಲ ಅದರಲ್ಲಿರುತ್ತೆ. ಅಕ್ಕ ಬ್ಯಾಂಕಿನಲ್ಲಿರೋದು, ಮನೆಗೆ ಬರೋದು ಏಳೂವರೆಗೆ. ಭಾವನಿಗೆ ಹುಬ್ಬಳ್ಳಿಗೆ ಟ್ರಾನ್ಸ್‌ಫರ್ ಆಗಿ ಒಂದು ವರ್ಷವಾಯ್ತು. ಅವರ ಮನೆಯ ಮಹಡಿ ರೂಮಿನಲ್ಲಿದ್ದುಕೊಂಡು, ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡೋ ನಾನೇ ಸದ್ಯಕ್ಕೆ ಪುಟ್ಟಿಯ ಹೋಮ್‌ವರ್ಕ್ ಮಂತ್ರಿ.

ಅವಳದ್ದು ಬೆಂಗಳೂರಿನ ಒಂದು ಹಳೇ ಕಾನ್ವೆಂಟು. ಬೆಳಿಗ್ಗೆ ಪ್ರಾರ್ಥನೆ, ವಾರಕ್ಕೆ ಎರಡು ಪೀರಿಯಡ್ ಮಾರಲ್ ಸೈನ್ಸ್. ಆ ಹೊತ್ತಿಗೆ ಕ್ಯಾಥೊಲಿಕ್ ಮಕ್ಕಳು ಎದ್ದು ಪಕ್ಕದ ರೂಮಿಗೆ ಕ್ಯಾಟಕಿಸಂ ಕ್ಲಾಸಿಗೆ ಹೋಗ್ತಾರೆ, ಉಳಿದವರಿಗೆ ಕೂತಲ್ಲೇ ನೀತಿಪಾಠ. ಇದಕ್ಕೆ ಸಂವಿಧಾನದ ಆಧಾರವೂ ಇದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರೋ ಶಾಲೆಯಲ್ಲಿ ಮಗುವನ್ನ ಧಾರ್ಮಿಕ ಬೋಧನೆಗೆ ಕೂರಿಸಬೇಕಾದ್ರೆ ಪೋಷಕರ ಒಪ್ಪಿಗೆ ಬೇಕು ಅಂತ 28ನೇ ವಿಧಿ ಹೇಳುತ್ತೆ. ಪುಟ್ಟಿಗೆ ಈ ವಿಧಿಗಿಧಿ ಗೊತ್ತಿಲ್ಲ. ಗೆಳತಿ ಎದ್ದು ಹೋದರೆ ಕಿಟಕಿ ಪಕ್ಕದ ಜಾಗ ತನಗೆ ಸಿಗುತ್ತೆ ಅನ್ನೋದು ಮಾತ್ರ ಚೆನ್ನಾಗಿ ಗೊತ್ತು.

ನೋಡೋಕೆ ಆ ಪ್ಲಾನ್ ನಮ್ಮ ಆಫೀಸಿನ ಸ್ಪ್ರಿಂಟ್ ಶೀಟ್ ಥರಾನೇ ಇರುತ್ತೆ. ಸೋಮವಾರದಿಂದ ಶುಕ್ರವಾರದವರೆಗೆ ಸಾಲುಗಳು, ಒಂದೊಂದು ವಿಷಯಕ್ಕೆ ಒಂದೊಂದು ಕಾಲಮ್. ಕನ್ನಡದ ಕಾಲಮ್ಮೂ ಇಂಗ್ಲಿಷ್ ಅಕ್ಷರದಲ್ಲೇ. ಒಮ್ಮೆ 'ಪದ್ಯ ಕಂಠಪಾಠ' ಅಂತಿದ್ದದ್ದನ್ನ ಪುಟ್ಟಿ 'ಪದ್ಯ ಕಾಂತ ಪಾಠ' ಅಂತ ಓದಿ, "ಕಾಂತ ಅಂದ್ರೆ ಯಾರು ಮಾಮ?" ಅಂದಳು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಶಾಲೆಗಳಲ್ಲಿ ಕನ್ನಡ ಕಡ್ಡಾಯ ಮಾಡಿತು ಸರಿ, ಕನ್ನಡದ ಹೋಮ್‌ವರ್ಕನ್ನ ಕನ್ನಡದಲ್ಲೇ ಬರೀರಿ ಅಂತಾನೂ ಒಂದು ಸಾಲು ಸೇರಿಸಬಹುದಿತ್ತು.

ಆ ಶೀಟಿನಲ್ಲಿ ಇಲ್ಲದೇ ಇರೋದು ಒಂದೇ, ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋದು. 2020ರಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಹೊರಡಿಸಿದ ಸ್ಕೂಲ್ ಬ್ಯಾಗ್ ನೀತಿಯಲ್ಲಿ ಇದರ ಲೆಕ್ಕ ಇದೆ. ಎರಡನೇ ಕ್ಲಾಸಿನವರೆಗೆ ಹೋಮ್‌ವರ್ಕೇ ಬೇಡ. ಮೂರರಿಂದ ಐದರವರೆಗೆ ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆ. ಆರರಿಂದ ಎಂಟರವರೆಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಅಂದ್ರೆ ವಾರಕ್ಕೆ ಐದಾರು ಗಂಟೆ. ಇದನ್ನ ಓದಿದ ಮೇಲೆ ಒಂದು ವಾರ ಫೋನಿನ ಸ್ಟಾಪ್‌ವಾಚ್ ಹಾಕಿಕೊಂಡು ಕೂತೆ. ಸೋಮವಾರ 40 ನಿಮಿಷ, ಮಂಗಳವಾರ 110, ಬುಧವಾರ 70, ಗುರುವಾರ 135, ಶುಕ್ರವಾರ 25. ಒಟ್ಟು 380 ನಿಮಿಷ, ಆರೂಕಾಲು ಗಂಟೆಯ ಮೇಲೆ ಐದು ನಿಮಿಷ. ವಾರದ ಲೆಕ್ಕದಲ್ಲಿ ಅಂಥಾ ಅನ್ಯಾಯವೇನಿಲ್ಲ. ಆದ್ರೆ ಗುರುವಾರ ರಾತ್ರಿ ಹನ್ನೊಂದು ವರ್ಷದ ಹುಡುಗಿ ತಟ್ಟೆಯ ಮುಂದೆ ತೂಕಡಿಸ್ತಿದ್ದಳು. ಗಣಿತದ ಮಿಸ್‌ಗೆ ಸಮಾಜದ ಮಿಸ್ ಏನು ಕೊಟ್ಟಿದ್ದಾರೆ ಅಂತ ಗೊತ್ತಿರಲ್ಲ. ನಾಲ್ಕೂ ಟೀಮಿನ ಡೆಡ್‌ಲೈನ್ ಒಂದೇ ದಿನಕ್ಕೆ ಬಿದ್ರೆ ನಾವಾದ್ರೆ ಮ್ಯಾನೇಜರ್ ಹತ್ರ ಕೂಗಾಡ್ತೀವಿ. ಅವಳು ಯಾರ ಹತ್ರ ಕೂಗಾಡಬೇಕು?

ಆ 380 ನಿಮಿಷದಲ್ಲಿ 150 ನಿಮಿಷ ಹೋಗಿದ್ದು ಪ್ರಶ್ನೋತ್ತರ ನಕಲು ಮಾಡೋಕೆ. ಬೋರ್ಡಿನ ಮೇಲೆ ಬರೆಸಿದ ಉತ್ತರವನ್ನ ರಫ್ ಬುಕ್ಕಿನಿಂದ ಫೇರ್ ಬುಕ್ಕಿಗೆ ಇಳಿಸೋದು. ಇನ್ನೊಂದು 80 ನಿಮಿಷ ಜಲಚಕ್ರದ ಚಾರ್ಟಿಗೆ. ಜೆರಾಕ್ಸ್ ಅಂಗಡಿಯಿಂದ ಕಲರ್ ಪ್ರಿಂಟ್ ತಂದದ್ದು ನಾನು, ಕತ್ತರಿಸಿದ್ದು ಅಕ್ಕ, ಮೋಡಕ್ಕೆ ಹತ್ತಿ ಅಂಟಿಸಿದ್ದು ಮಾತ್ರ ಪುಟ್ಟಿ. ಆ ಚಾರ್ಟಿಗೆ ಹತ್ತಕ್ಕೆ ಒಂಬತ್ತು ಬಂತು. ನನಗೆ ಬಂದದ್ದೋ ಅವಳಿಗೆ ಬಂದದ್ದೋ ಗೊತ್ತಾಗಲಿಲ್ಲ.

ಆದ್ರೆ ಬುಧವಾರದ ಒಂದು ಲೆಕ್ಕ ನೋಡಿ. ಮೂರು ಬೆಲ್‌ಗಳು 6, 8, 12 ನಿಮಿಷಕ್ಕೊಮ್ಮೆ ಹೊಡೆಯುತ್ತವೆ. ಬೆಳಿಗ್ಗೆ ಒಂಬತ್ತಕ್ಕೆ ಮೂರೂ ಒಟ್ಟಿಗೆ ಹೊಡೆದರೆ, ಮತ್ತೆ ಒಟ್ಟಿಗೆ ಹೊಡೆಯೋದು ಯಾವಾಗ? ನಾವು ಲ.ಸಾ.ಅ. ಅಂತ ಕಲಿತದ್ದು, ಅವಳಿಗೆ ಎಲ್‌ಸಿಎಂ. ಮೂರನ್ನೂ ಗುಣಿಸಿ 576 ನಿಮಿಷ ಅಂತ ಬರೆದಳು. ನಾನು ಬಾಯಿ ಬಿಡಲಿಲ್ಲ. ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿಕೊಂಡು ಕೂತವಳು, "ಸಂಜೆ ಆರು ಮೂವತ್ತಾರು ಆಗುತ್ತಲ್ಲ ಮಾಮ, ಅಷ್ಟೊತ್ತಿಗೆ ಸ್ಕೂಲೇ ಇರಲ್ಲ" ಅಂದಳು. ಆಮೇಲೆ ಮಾರ್ಜಿನ್ನಿನಲ್ಲಿ ಒಂದೊಂದು ಬೆಲ್ಲಿನ ಟೈಮನ್ನೂ ಸಾಲಾಗಿ ಬರೀತಾ ಹೋಗಿ, ಒಂಬತ್ತು ಇಪ್ಪತ್ನಾಲ್ಕಕ್ಕೆ ಮೂರೂ ಸೇರೋದನ್ನ ತಾನೇ ಹಿಡಿದಳು. ಇಪ್ಪತ್ತು ನಿಮಿಷ ಹಿಡೀತು. ಇಡೀ ವಾರದ ಹೋಮ್‌ವರ್ಕಿನಲ್ಲಿ ಇದೊಂದಿದ್ದರೂ ಸಾಕಿತ್ತು ಅಂತ ನನ್ನ ಅಭಿಪ್ರಾಯ.

ನನಗೆ ಹೆಚ್ಚು ತಲೆಕೆಡಿಸಿದ್ದು ಡೈರಿ. ಕಾನ್ವೆಂಟುಗಳ ಡೈರಿ ನೀವೂ ನೋಡಿರ್ತೀರಿ. ಮೊದಲ ಪುಟಗಳಲ್ಲಿ ನಿಯಮಗಳು, ಆಮೇಲೆ ದಿನಕ್ಕಿಷ್ಟು ಗೆರೆ, ಪಕ್ಕದಲ್ಲಿ ಪೋಷಕರ ಸಹಿಗೆ ಜಾಗ. ಪುಟ್ಟಿಯ ಡೈರಿ ಜೂನ್ ತಿಂಗಳು ಮಾತ್ರ ತುಂಬಿತ್ತು. ಆಮೇಲೆ ಖಾಲಿ. ಕೇಳಿದ್ರೆ, "ಅಮ್ಮನ ಫೋನಲ್ಲಿ ಬರುತ್ತಲ್ಲ" ಅಂದಳು. ಸೋಮವಾರ ಏನು ಹೋಮ್‌ವರ್ಕ್ ಅಂತ ಅವಳಿಗಿಂತ ಮೂರು ದಿನ ಮುಂಚೆ ನನಗೇ ಗೊತ್ತಿರುತ್ತಿತ್ತು. ನಾನು ನೆನಪಿಸಬೇಕು, ಅವಳು ಗೊಣಗಬೇಕು, ಅಕ್ಕ ಬಂದು ಚೆಕ್ ಮಾಡಬೇಕು. ಪ್ಲಾನ್ ಕಳಿಸೋದು ಒಳ್ಳೇದಕ್ಕೇ, ಹುಷಾರಿಲ್ಲದೆ ರಜೆ ಹಾಕಿದ ಮಗುವಿಗೆ ಅದು ವರ. ಆದ್ರೆ ಅದು ಮಗುವಿನ ಕೈ ತಪ್ಪಿಸಿಕೊಂಡು ನೇರ ನಮ್ಮ ಕೈಗೆ ಬಂದುಬಿಟ್ಟಿದೆ.

ಹಾಗಾಗಿ ಅಕ್ಕನೂ ನಾನೂ ಒಂದು ಒಪ್ಪಂದಕ್ಕೆ ಬಂದ್ವಿ. ಪಿಡಿಎಫ್ ತೆರೆಯೋದು ಪುಟ್ಟಿ ಕೇಳಿದ್ರೆ ಮಾತ್ರ. ಮೊದಲ ವಾರವೇ ಸಮಾಜದ ಮ್ಯಾಪ್ ಮರೆತು ಕ್ಲಾಸಿನಲ್ಲಿ ನಿಂತುಕೊಂಡಳಂತೆ. ಸಂಜೆ ಮುಖ ಊದಿಸಿಕೊಂಡು ಬಂದಳು. ಅಕ್ಕನಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನನಗೂ ಸ್ವಲ್ಪ ಕಸಿವಿಸಿ. ಮಾರನೇ ದಿನದಿಂದ ಡೈರಿಯಲ್ಲಿ ಅಕ್ಷರ ಕಾಣಿಸಿಕೊಂಡಿತು.

ಪೇರೆಂಟ್ಸ್ ಮೀಟಿಂಗಿನಲ್ಲಿ ಅಕ್ಕ ಗುರುವಾರದ ವಿಷಯ ಎತ್ತಿದಳು. ಕ್ಲಾಸ್ ಮಿಸ್ ಶಾಂತವಾಗಿ ಕೇಳಿಸಿಕೊಂಡು, "ಹೋಮ್‌ವರ್ಕ್ ಕಮ್ಮಿ ಮಾಡಿದ್ರೆ ಯಾಕೆ ಕಮ್ಮಿ ಅಂತ ಫೋನ್ ಬರುತ್ತೆ ಮೇಡಂ" ಅಂದ್ರು. ಅವರಿಗೆ ನಾಲ್ಕು ಸೆಕ್ಷನ್, ಸೆಕ್ಷನ್ನಿಗೆ ಐವತ್ತರ ಹತ್ತಿರ ಮಕ್ಕಳು. ವಾರಕ್ಕೊಮ್ಮೆ ತಿದ್ದಿದ್ರೂ ಇನ್ನೂರು ಪುಸ್ತಕ. ಎಲ್ಲರದ್ದೂ ಒಂದೇ ಉತ್ತರ ಇದ್ರೆ ತಿದ್ದೋದು ಸುಲಭ, ಅದನ್ನ ಅವರೇ ಹೇಳಿದ್ರು. ನಕಲು ಯಾಕೆ ನಿಲ್ಲಲ್ಲ ಅನ್ನೋದು ನನಗೆ ಆಗ ಅರ್ಥವಾಯ್ತು. ಆಮೇಲೆ ಗುರುವಾರ ಸ್ವಲ್ಪ ಹಗುರಾಗಿದೆ. ನಕಲು ಹಾಗೇ ಇದೆ.

ಹೋದ ತಿಂಗಳ ಮಾರಲ್ ಸೈನ್ಸ್ ಕಾಲಮ್ಮಿನಲ್ಲಿ ಒಂದು ಹೋಮ್‌ವರ್ಕ್ ಇತ್ತು. ಕೊಟ್ಟಿದ್ದನ್ನ ಸಾರಿಕೊಂಡು ತಿರುಗಬಾರದು ಅನ್ನೋದು ಪಾಠ. ಯಾರಿಗೂ ಹೇಳದೆ ಒಂದು ಒಳ್ಳೇ ಕೆಲಸ ಮಾಡಿ, ಅದರ ಬಗ್ಗೆ ಐದು ಸಾಲು ಬರೆದು, ಪೋಷಕರ ಸಹಿ ಹಾಕಿಸಿಕೊಂಡು ಬರಬೇಕು. ಬುಧವಾರದ ಹೊತ್ತಿಗೆ ಪೇರೆಂಟ್ಸ್ ಗ್ರೂಪಿನಲ್ಲಿ ಫೋಟೋಗಳ ಮಳೆ. ಬೀದಿ ನಾಯಿಗೆ ಬಿಸ್ಕತ್ತು, ಗಿಡಕ್ಕೆ ನೀರು, ಸೆಕ್ಯುರಿಟಿ ಅಂಕಲ್‌ಗೆ ಕಾಫಿ.

ಪುಟ್ಟಿ ಬರೆಯೋಕೇ ಒಪ್ಪಲಿಲ್ಲ. "ಹೇಳಬಾರದು ಅಂತಾರೆ, ಬರೀ ಅಂತಾರೆ, ಸೈನೂ ಬೇಕು ಅಂತಾರೆ. ಹೆಂಗೆ ಮಾಮ?"

ನಮ್ಮ ಟೆಸ್ಟಿಂಗ್ ಟೀಮಿಗೆ ಸೇರಿಸಿಕೊಳ್ಳಬಹುದಾದ ಪ್ರಶ್ನೆ. ನನ್ನ ಹತ್ರ ಉತ್ತರ ಇರಲಿಲ್ಲ. ಕೊನೆಗೆ ತಾರೀಕು ಹಾಕಿ ಒಂದೇ ಸಾಲು ಬರೆದಳು, ಕೆಲಸ ಮಾಡಿದ್ದೇನೆ ಅಂತ.

"ಏನು ಮಾಡಿದೆ ಅಂತ ನಂಬಿ ಸೈನ್ ಹಾಕ್ಲೇ?" ಅಂದಳು ಅಕ್ಕ.

"ಬೇಡ ಅಂದ್ರೆ ಬಿಡಮ್ಮ. ಮಾರ್ಕ್ಸ್ ಹೋದ್ರೆ ಹೋಗ್ಲಿ."

ಅಕ್ಕ ಪುಸ್ತಕ ಹಿಡಿದುಕೊಂಡು ಸ್ವಲ್ಪ ಹೊತ್ತು ಅವಳ ಮುಖ ನೋಡಿದಳು. ಬ್ಯಾಂಕಿನಲ್ಲಿ ದಿನವಿಡೀ ದಾಖಲೆ ನೋಡದೆ ಸಹಿ ಹಾಕದವಳು, ಇಲ್ಲಿ ಹಾಕಿದಳು.

ಪುಸ್ತಕ ವಾಪಸ್ ಬಂದಾಗ ಸಿಸ್ಟರ್ ಕೆಂಪು ಶಾಯಿಯಲ್ಲಿ ಟಿಕ್ ಹಾಕಿದ್ರು. ಮಾರ್ಕ್ಸ್ ಜಾಗದಲ್ಲಿ ಏನೂ ಬರೆದಿರಲಿಲ್ಲ. ಪುಟ್ಟಿ ಅವತ್ತು ಮಾಡಿದ್ದೇನು ಅಂತ ನಾನು ಎರಡು ಸಲ ಕೇಳಿದೆ. ಇನ್ನೂ ಹೇಳಿಲ್ಲ.