ವಸ್ತುವಿಗೊಂದು ಹೆಸರು, ಹೆಸರಿಗೊಂದು ವಸ್ತು

ಮಕ್ಕಳಾಡುವ ಆಟದೊಳಗಣ ಹುಲ್ಲಿಗೆ ಯಾವ ಹೆಸರಿದ್ದರೇನು ಎಂದು ಹಿರಿಯರನೇಕರು ಕೇಳುತ್ತಾರೆ. ಸ್ವೀಡನ್ನಿನ ಮೊಜಾಂಗ್ ಸಂಸ್ಥೆಯವರು ನಿರ್ಮಿಸಿದ, ಜಗತ್ತಿನಾದ್ಯಂತ 30 ಕೋಟಿಗೂ ಮಿಗಿಲಾದ ಪ್ರತಿಗಳು ಮಾರಾಟವಾಗಿರುವ ಮೈನ್‌ಕ್ರಾಫ್ಟ್ ಆಟವನ್ನು ಗಣಕಯಂತ್ರದಲ್ಲಿ ಆಡುವ ಬಾಲಕನು, ಮಣ್ಣನ್ನೋ ಮರವನ್ನೋ ತನಗೆ ಬೇಕಾದೆಡೆಯಲ್ಲಿ ಇರಿಸಲು ಆಜ್ಞೆಯೊಂದನ್ನು ಬರೆಯುವಾಗ, ಅಧಿಕೃತ ನಾಮದಲ್ಲಿ ಒಂದಕ್ಷರ ತಪ್ಪಿದರೂ ವಸ್ತು ಬಾರದೆಂಬುದನ್ನು ಬಲ್ಲವರಾರೂ ಹಾಗೆ ಕೇಳಲಾರರು.

2018ರ 1.13ನೆಯ ಆವೃತ್ತಿಯಲ್ಲಿ ಹಳೆಯ ಸಂಖ್ಯಾಸಂಕೇತಗಳನ್ನೆಲ್ಲ ತೆಗೆದುಹಾಕಿ, ಪ್ರತಿಯೊಂದು ವಸ್ತುವಿಗೂ ಅದರ ನಾಮವನ್ನೇ ಗುರುತಾಗಿ ನಿಶ್ಚಯಿಸಿದುದು ಸ್ತುತ್ಯವಾದ ಕಾರ್ಯ. ಆದರೆ ಅದೇ ಸಂದರ್ಭದಲ್ಲಿ, ಹುಲ್ಲು ಹೊದ್ದ ಮಣ್ಣಿನ ಗುರುತಾಗಿದ್ದ ‘ಗ್ರಾಸ್’ ಎಂಬ ಹೆಸರನ್ನು ಅದರಿಂದ ಕಳಚಿ, ಅದರ ಮೇಲೆ ಬೆಳೆಯುವ ಹುಲ್ಲಿಗೆ ತೊಡಿಸಿದರು. ಮಣ್ಣು ‘ಗ್ರಾಸ್ ಬ್ಲಾಕ್’ ಆಯಿತು. 2023ರ ಡಿಸೆಂಬರಿನಲ್ಲಿ ಹುಲ್ಲೂ ಆ ಹೆಸರನ್ನು ಬಿಟ್ಟು ‘ಶಾರ್ಟ್ ಗ್ರಾಸ್’ ಎನಿಸಿಕೊಂಡಿತು.

ಹೆಸರುಗಳು ಬದಲಾಗಲೇಕೂಡದೆಂಬ ಹಟ ನನಗಿಲ್ಲ. ‘ಪಿಗ್ಲಿನ್’ ಎಂಬ ಹೊಸ ಜೀವಿಕುಲವನ್ನು 2020ರಲ್ಲಿ ಆಟಕ್ಕೆ ತಂದಾಗ, ಹಿಂದಿನ ‘ಜಾಂಬಿ ಪಿಗ್‌ಮ್ಯಾನ್’ ಅದೇ ಕುಲಕ್ಕೆ ಸೇರಿದುದೆಂದು ತೋರುವಂತೆ ‘ಜಾಂಬಿಫೈಡ್ ಪಿಗ್ಲಿನ್’ ಎಂದು ಕರೆದುದು ಯುಕ್ತವಾಗಿಯೇ ಇದೆ. ನಾನು ಒಪ್ಪಲಾರದುದು ಒಂದು ವಸ್ತು ಬಿಟ್ಟ ಹೆಸರನ್ನು ಮತ್ತೊಂದಕ್ಕೆ ಕೊಡುವುದನ್ನು. ಏಕೆಂದರೆ ರದ್ದಾದ ಹೆಸರನ್ನು ಬರೆದವನಿಗೆ ತಪ್ಪು ಒಡನೆಯೇ ತಿಳಿಯುತ್ತದೆ, ಕೈಬದಲಾದ ಹೆಸರನ್ನು ಬರೆದವನಿಗಾದರೋ ಮಣ್ಣು ಬೇಕಾದಲ್ಲಿ ಹುಲ್ಲು ಸದ್ದಿಲ್ಲದೆ ಬಂದು ಕೂರುತ್ತದೆ.

ಈ ಆಟದ ಭಾಷಾಪಟ್ಟಿಯಲ್ಲಿ ಕನ್ನಡವೂ ಇದೆ, ಅನುವಾದದ ಕಾರ್ಯವನ್ನು ಆಸಕ್ತರು ಸ್ವಯಂಪ್ರೇರಣೆಯಿಂದ ನಡೆಸುತ್ತಾರೆ. ಆದಕಾರಣ ಇದು ನಮ್ಮ ಚಿಂತೆಯೂ ಹೌದು. ಆಟದಲ್ಲಿ ಬಂಡೆ ಅಗೆಯಲು, ಮಣ್ಣು ತೆಗೆಯಲು, ಮರ ಕಡಿಯಲು, ಹೊಲ ಹದಮಾಡಲು ಬೇರೆಬೇರೆ ಉಪಕರಣಗಳಿದ್ದು, ಅವಕ್ಕೆ ಪಿಕಾಸಿ, ಸಲಿಕೆ, ಕೊಡಲಿ, ಗುದ್ದಲಿ ಎಂಬ ಪದಗಳು ನಮ್ಮ ರೈತರ ಬಾಯಲ್ಲಿ ಸಿದ್ಧವಾಗಿವೆ. ಆದರೆ ಸಲಿಕೆಯನ್ನು ಸನಿಕೆಯೆನ್ನುವವರೂ, ಪಿಕಾಸಿಯನ್ನು ಗುದ್ದಲಿಯೆಂದೇ ಕರೆಯುವವರೂ ನಮ್ಮಲ್ಲುಂಟು. ಇಂದು ಒಂದಕ್ಕಿಟ್ಟ ‘ಗುದ್ದಲಿ’ಯನ್ನು ನಾಳೆ ಇನ್ನೊಂದಕ್ಕೆ ವರ್ಗಾಯಿಸಿದರೆ, ಹುಲ್ಲಿನ ವಿಷಯದಲ್ಲಿ ಆದ ಪ್ರಮಾದವೇ ಕನ್ನಡದಲ್ಲಿಯೂ ಆದೀತು. ಅನುವಾದಕ ಮಿತ್ರರು ಹೊಲದಲ್ಲಿ ದುಡಿಯುವವರನ್ನು ಮೊದಲು ವಿಚಾರಿಸಿ, ಯಾವ ಪದ ಯಾವ ಉಪಕರಣಕ್ಕೆಂದು ಒಮ್ಮೆ ನಿರ್ಧರಿಸಿ, ಆಮೇಲೆ ಅದನ್ನು ಕದಲಿಸದಿರಲೆಂದು ವಿನಂತಿಸುತ್ತೇನೆ.